ಹೊಸ್ತಿಲ ಕೆಳಗಿನ ಜೋಳ

ಹೋದ ಮಂಗಳವಾರ ಮೂರನೇ ಮಹಡಿಯ ಕೊನೆಯ ಫ್ಲ್ಯಾಟಿನ ಹೊಸ್ತಿಲು ಒಡೆಸುತ್ತಿದ್ದೆ. ಕರಿ ಗ್ರಾನೈಟಿನ ಪಟ್ಟಿ. ಎಷ್ಟೋ ವರ್ಷಗಳಿಂದ ನಡುವೆ ಉಬ್ಬಿ ಬಿರುಕು ಬಿಟ್ಟಿತ್ತು, ಒಳಗೆ ಹೋಗುವವರೆಲ್ಲ ಅದಕ್ಕೆ ಎಡವುತ್ತಿದ್ದರು. ಒಳಗೆ ಹೋಗುವವರು ಅಂದರೆ ಯಾರು? ನಾನು, ಪ್ಲಂಬರು, ಗೆದ್ದಲಿಗೆ ಔಷಧ ಹೊಡೆಯುವವನು, ಇಷ್ಟೇ. ಮಾಲೀಕರ ಮುಖವನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಈಗ ಮನೆ ಮಾರುತ್ತಾರಂತೆ, ಕೊಳ್ಳಲು ಬಂದವರು ಬಾಗಿಲಲ್ಲೇ ಎಡವಬಾರದಂತೆ, ಅದಕ್ಕೇ ಈ ರಿಪೇರಿ. ಜಾರ್ಖಂಡಿನ ಗೌಂಡಿ ಉಳಿ ಇಟ್ಟು ನಾಲ್ಕು ಪೆಟ್ಟು ಹಾಕಿದ. ಕಲ್ಲು ಎರಡಾಯಿತು. ಕೆಳಗೆ ಸಿಮೆಂಟಿನ ಗುಳಿಯಲ್ಲಿ ಒಂದು ಅರಿವೆಯ ಗಂಟು. ಹಸಿರು ಖಣದ ತುಂಡು, ಅಂಚಿನ ಕೆಂಪು ಎಳೆ ಒಂದೆರಡು ಇನ್ನೂ ಉಳಿದಿದ್ದವು. ಮುಟ್ಟಿದರೆ ಪುಡಿಯಾಯಿತು. ಒಳಗೆ ಒಂದು ಹಿಡಿ ಜೋಳ, ಕರ್ರಗಾಗಿ, ಒಂದಕ್ಕೊಂದು ಅಂಟಿಕೊಂಡು...

ಗೌಂಡಿ ಹೆದರಿ ಕೈ ಹಿಂದೆ ಎಳೆದುಕೊಂಡ. "ಜಾದೂ ಟೋನಾ ಹೈ ಕ್ಯಾ, ಮೇಡಂ?" ಎಂದು ಕೇಳಿದ. ಮಾಟವೂ ಇಲ್ಲ, ಮಂತ್ರವೂ ಇಲ್ಲ, ಬದಿಗೆ ಸರಿಯಪ್ಪಾ ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಹಿಡಿದೆ. ಮುಗ್ಗಿದ ಕಾಳಿನ ವಾಸನೆ. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಮಣ್ಣಾಗಿರಬೇಕು ಎಂದುಕೊಂಡಿದ್ದೆ. ಆ ಗಂಟು ಕಟ್ಟಿದ ಕೈ ನನಗೆ ರೊಟ್ಟಿ ತಿನ್ನಿಸಿದ ಕೈ, ಬೆನ್ನಿಗೆ ಗುದ್ದಿದ ಕೈ. ಆ ಕೈಯವಳನ್ನು ಒಂದು ಸಲ ನಾನು, ಇವಳು ಯಾರೋ ನನಗೆ ಗೊತ್ತೇ ಇಲ್ಲ ಎಂದಿದ್ದೆ.

ಗೋವಾದ ಚಿಂಬಲ್‌ನಲ್ಲಿ ನಾವಿದ್ದ ಸಾಲಿನಲ್ಲಿ ಒಂಬತ್ತು ಖೋಲಿಗಳಿದ್ದವು. ಮೇಲೆ ತಗಡು, ಎಲ್ಲರಿಗೂ ಸೇರಿ ಒಂದು ನಳ. ನಮ್ಮದು ತಾಳಿಕೋಟಿ ಕಡೆಯ ಸಾಬರ ಮನೆ. ಅಬ್ಬಾ ರೇತಿಯ, ಅಂದರೆ ಮರಳಿನ ಟ್ರಕ್ಕು ಓಡಿಸುತ್ತಿದ್ದರು. ಬಾಜೂ ಖೋಲಿಯಲ್ಲಿ ಅತ್ತಿ, ಸಿಂದಗಿ ಕಡೆಯ ಹೆಂಗಸು, ಗಂಡನಿಲ್ಲದವಳು, ಜೊತೆಗೆ ಒಬ್ಬನೇ ಮಗ. ಅಬ್ಬಾನನ್ನು ಅವಳು ಅಣ್ಣಾ ಎಂದು ಕರೆಯುತ್ತಿದ್ದಳು. ಹಾಗಾಗಿ ನನಗೆ ಅವಳು ಅತ್ತಿ. ಬೇರೆ ನೆಂಟಸ್ತನ ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊರುವುದು ಅವಳ ಕೆಲಸ. ತಲೆಯ ಮೇಲೆ ಸಿಂಬಿ, ಸೀರೆಯ ಮೇಲೆ ಗಂಡಸರ ಅಂಗಿ, ಬಾಯಲ್ಲಿ ಎಲೆ ಅಡಿಕೆ. ಬಾಯಿ ಬಹಳ ಜೋರು. ನಳದ ಹತ್ತಿರ ಜಗಳ ಬಂದರೆ ಅವಳು ಬರುವವರೆಗೆ ತೀರುತ್ತಿರಲಿಲ್ಲ, ಅವಳು ಬಂದ ಮೇಲೆ ಉಳಿಯುತ್ತಲೂ ಇರಲಿಲ್ಲ. "ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತಾರ. ನಾ ನೂರಾ ಎಂಟು ಮನಿ ಕಟ್ಟೇನಿ, ಒಂದರಾಗೂ ಕುಂತು ನೋಡಿಲ್ಲ" ಎಂದು ತನ್ನನ್ನೇ ತಮಾಷೆ ಮಾಡಿಕೊಂಡು ನಗುತ್ತಿದ್ದಳು. ಆ ನಗುವಿನಲ್ಲಿ ದೈನ್ಯ ಇರಲಿಲ್ಲ. ಅವಳನ್ನು ಕಂಡು ಅಯ್ಯೋ ಪಾಪ ಎಂದವರಿಗೆ ಅವಳ ಬಾಯಿಂದ ಒಂದು ಬೈಗುಳ ಗ್ಯಾರಂಟಿ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಅಬ್ಬಾ ಜ್ವರ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡರು. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ. ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. ಆ ಮೂರೂ ದಿನ ಅತ್ತಿ ನಸುಕಿನಲ್ಲಿ ಎದ್ದು ಎರಡು ಮನೆಯ ರೊಟ್ಟಿ ಬಡಿದು, ನಮಗೆ ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಮೂರನೇ ದಿನ ಗೋರಿಗೆ ಹೋಗಿ ಜಿಯಾರತ್ ಮುಗಿಸಿ ಗಂಡಸರೆಲ್ಲ ಹೋದರು. ಅಮ್ಮಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತಿ ಒಳಗೆ ಬಂದು ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟಳು. "ಏಳವಾ. ದುಃಖಕ್ಕ ಮಣಿ ಹಾಕಿ ಕುಂದರಸಬ್ಯಾಡ. ಅದಕ್ಕ ಮೂರು ದಿನ ಕೊಟ್ಟೀವಿ, ಸಾಕು. ಒಲಿ ಹೊತ್ತಸು" ಎಂದಳು. ಅಮ್ಮಿ ಏಳಲಿಲ್ಲ. ಅತ್ತಿ ತಾನು ಹೊತ್ತಿಸಲೂ ಇಲ್ಲ. ಆ ಮನೆಯ ಒಲೆಯನ್ನು ಆ ಮನೆಯವರೇ ಹೊತ್ತಿಸಬೇಕು, ಅಲ್ಲಿಯವರೆಗೆ ಸಾವು ಎದ್ದು ಹೋಗುವುದಿಲ್ಲ ಎಂದು ಹೇಳಿ ಬಾಗಿಲಿಗೆ ಅಡ್ಡ ಕುಳಿತುಬಿಟ್ಟಳು. ಒಂದು ತಾಸಾದ ಮೇಲೆ ಅಮ್ಮಿ ಅಳುತ್ತಲೇ ಎದ್ದು ಸ್ಟೋವಿಗೆ ಕಡ್ಡಿ ಗೀರಿದಳು. ಅವತ್ತಿನ ಚಹಾದ ರುಚಿ ನನಗೆ ಇನ್ನೂ ನೆನಪಿದೆ.

ಮೊನ್ನೆ ನನ್ನ ಮಗಳಿಗೆ ಶಾಲೆಯಲ್ಲಿ ನಿಬಂಧ ಕೊಟ್ಟಿದ್ದರು, ಜಗತ್ತಿನಲ್ಲಿ ಮನಸ್ಸಿಗೆ ತುಂಬಾ ದುಃಖ ತರುವ ಸಂಗತಿಗಳು ಯಾವುವು ಎಂದು. ಯುದ್ಧ, ಪ್ರವಾಹ, ರಸ್ತೆಯಲ್ಲಿ ಸತ್ತ ನಾಯಿಮರಿ ಎಂದೆಲ್ಲ ಅವಳು ಬರೆದಳು. ಚೆನ್ನಾಗಿಯೇ ಬರೆದಳು. ಅತ್ತಿಯನ್ನು ಕೇಳಿದ್ದರೆ ಉತ್ತರ ಒಂದೇ ಸಾಲಿನದು. ಸಾವು ಅವಳ ಪಟ್ಟಿಯಲ್ಲಿ ಇರುತ್ತಿರಲಿಲ್ಲ, ಹೊತ್ತದ ಒಲೆ ಮಾತ್ರ ಇರುತ್ತಿತ್ತು.

ನಾನು ಹತ್ತನೇ ಇಯತ್ತೆಗೆ ಬಂದಾಗ ಪರ್ವರಿಯ ಗುಡ್ಡದ ಮೇಲೆ ಈ ಕಟ್ಟಡ ಏಳುತ್ತಿತ್ತು. ಅತ್ತಿಯ ಮಗ ಅಷ್ಟರಲ್ಲಿ ಗೌಂಡಿಯಾಗಿದ್ದ. ಇಪ್ಪತ್ತೆರಡರ ಹುಡುಗ, ಕೈ ಬಹಳ ಸಾಫು. ಅವನು ಸಿಮೆಂಟು ಬಳಿದು ಗಿಲಾವು ಮಾಡಿದ ಗೋಡೆಯ ಮೇಲೆ ಅಂಗೈ ಸವರಿ ಅತ್ತಿ, ಕೂಸಿನ ಕೆನ್ನಿ ಇದ್ದಂಗ ಐತಿ ಎನ್ನುತ್ತಿದ್ದಳು. ರಜೆಯ ದಿನ ನಾನು ಇಬ್ಬರಿಗೂ ಬುತ್ತಿ ಒಯ್ಯುತ್ತಿದ್ದೆ. ಹಾಗೆ ಹೋದ ಒಂದು ದಿನ ಮೂರನೇ ಮಹಡಿಯ ಕೊನೆಯ ಮನೆಗೆ ಅವನು ಹೊಸ್ತಿಲು ಕೂಡಿಸುತ್ತಿದ್ದ. ಅತ್ತಿ ತಡೆ ಎಂದು ಸೊಂಟದಿಂದ ಗಂಟು ತೆಗೆದಳು. ಹಳೇ ಕುಬಸದ ಖಣದಲ್ಲಿ ಕಟ್ಟಿದ ಜೋಳ. ನಮ್ಮ ಕಡೆ ಹೊಸ್ತಿಲು ಇಡುವಾಗ ಕೆಳಗೆ ಕಾಳು ಇಡುತ್ತಾರೆ, ಆ ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಾಗಬಾರದು ಎಂದು.

"ಯವ್ವಾ, ಈ ಮನಿಯವ್ರು ಜ್ವಾಳಾ ತಿನ್ನೂದಿಲ್ಲ, ಪಿಜ್ಜಾ ತಿಂತಾರ" ಎಂದು ಮಗ ನಕ್ಕ.

"ತಿಂದ್ರ ತಿನ್ಲಿ. ಹಸಗೊಂಡು ಇರಬಾರದು. ಇಡು ಸುಮ್ನ" ಎಂದಳು ಅತ್ತಿ. ಅವನು ಇಟ್ಟು, ಮೇಲೆ ಸಿಮೆಂಟಿನ ಮಾಲು ಹಾಕಿ, ಕಲ್ಲು ಕೂಡಿಸಿದ.

ಊರಿನಲ್ಲಿ ಇಡುವುದು ಒಂದು ಚಿಟಿಕೆ ಕಾಳು. ಅಲ್ಲಿಯ ಮಣ್ಣೂ ಒಣ, ಗಾಳಿಯೂ ಒಣ, ನೂರು ವರ್ಷ ಇದ್ದರೂ ಏನೂ ಆಗದು. ಅತ್ತಿ ದೊಡ್ಡ ಮನೆ ಎಂದು ದೊಡ್ಡ ಹಿಡಿ ಇಟ್ಟಿದ್ದಳು, ಅದೂ ಹಸಿ ಸಿಮೆಂಟಿನಲ್ಲಿ, ಅದೂ ಗೋವಾದ ಮಳೆಗಾಲದಲ್ಲಿ. ಎರಡೇ ದಿನಕ್ಕೆ ಜೋಳ ನೀರು ಕುಡಿದು ಊದಿಕೊಂಡು ಗ್ರಾನೈಟನ್ನು ನಡುವಿನಿಂದ ಎತ್ತಿಬಿಟ್ಟಿತು. ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಠೇಕೇದಾರ ಬಂದು ಕೂಗಾಡಿದ. ಕಲ್ಲೇ ಕಚ್ಚಾ ಇತ್ರಿ ಶೇಟ್ ಎಂದು ಮಗ ಮುಖ ಗಂಭೀರ ಮಾಡಿಕೊಂಡು ಹೇಳಿದನಂತೆ. ಆ ವಾರವೆಲ್ಲ ನಮ್ಮ ಸಾಲಿನಲ್ಲಿ ಅದೇ ಮಾತು, ಅದೇ ನಗು. "ಗೋವಾದ ನೀರು ಕುಡದ್ರ ಕಾಳಿಗೂ ಸೊಕ್ಕು ಬರ್ತೈತಿ" ಎಂದು ಅತ್ತಿಯೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಮುಂದಿನ ವಾರ ಹೊಸ ಕಲ್ಲು ಬರಲಿದೆ, ಬದಲಾಯಿಸು ಎಂದು ಠೇಕೇದಾರ ಹೇಳಿದ್ದ.

ಕಲ್ಲು ಬರಲಿಲ್ಲ. ಅದಕ್ಕಿಂತ ಮೊದಲೇ ಮಗ ಹೋದ. ಆ ಮನೆಯ ಅಡಿಗೆಮನೆಯ ಕಿಟಕಿಯಿಂದ ಹೊರಗಿನ ಬಿದಿರಿನ ಅಟ್ಟಣಿಗೆಯ ಮೇಲೆ ಕಾಲಿಟ್ಟಿದ್ದ, ಹೊರಗೋಡೆಗೆ ಗಿಲಾವು ಮಾಡಲು. ಕಟ್ಟಿದ ಹಗ್ಗ ಸಡಿಲಾಗಿತ್ತು... ಅತ್ತಿ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಸದ್ದು ಕೇಳಿಯೂ, ಯಾರದೋ ಚೀಲ ಬಿತ್ತು ಎಂದುಕೊಂಡಳಂತೆ.

ಮಧ್ಯಾಹ್ನ ಊಟದ ಹೊತ್ತಿಗೆ ಆಂಬುಲೆನ್ಸ್ ತಂದು ನಿಲ್ಲಿಸಿದ್ದರು. ಊರಿಗೆ ಒಯ್ಯಿರಿ, ಊರಿಗೆ ಒಯ್ಯಿರಿ ಎಂದು ಒಂದೇ ಅವಸರ. ಹೆಣ ಗೋವಾದ ಗಡಿ ದಾಟುವಷ್ಟರಲ್ಲಿ ಕೆಲಸ ಮತ್ತೆ ಶುರುವಾಗಿತ್ತು.

ಹದಿನಾಲ್ಕನೆಯ ದಿನಕ್ಕೆ ಅತ್ತಿ ತಿರುಗಿ ಬಂದಳು. ಬಂದವಳು ಅದೇ ಕಟ್ಟಡದಲ್ಲೇ ಕೆಲಸ ಕೇಳಿದಳು. ಇವಳಿಗೆ ತಲೆ ಕೆಟ್ಟಿದೆ ಎಂದರು ಎಲ್ಲರೂ. ಅಮ್ಮಿ ಕೈ ಹಿಡಿದು ಬೇಡ ಎಂದಳು. ಆಗ ಅತ್ತಿ ಹೇಳಿದ್ದು ಇದು. ಊರಿನಲ್ಲಿ ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದಿದ್ದಾಳೆ, ಬೀಗರು ಬುತ್ತಿ ತಂದಿದ್ದರು, ಊರ ಮನೆಯ ಒಲೆ ಹೊತ್ತಿದೆ. ಆದರೆ ಮಗ ಹೊರಬಿದ್ದದ್ದು ಊರ ಮನೆಯಿಂದ ಅಲ್ಲ, ಈ ಮನೆಯಿಂದ. ಈ ಮನೆಯಲ್ಲಿ ಒಲೆ ಹೊತ್ತಬೇಕು. ಇಲ್ಲದಿದ್ದರೆ ಅವನ ಸೂತಕ ಮುಗಿಯುವುದಿಲ್ಲ, ಅವನು ಆ ಕಿಟಕಿಯಲ್ಲೇ ನಿಂತಿರುತ್ತಾನೆ. ಹೇಗೂ ಮನೆ ಕೊಂಡವರು ಬಂದು ಹಾಲು ಉಕ್ಕಿಸುತ್ತಾರಲ್ಲ, ಅಷ್ಟಾದರೆ ಆಯಿತು. "ಯಾರರ ಉಕ್ಕಸ್ಲಿ, ಯಾವ ಜಾತಿಯವ್ರರ ಆಗ್ಲಿ. ಒಲಿ ಹೊತ್ತಿದ್ರ ಸಾಕು."

ಹಾಲು ಉಕ್ಕಲಿಲ್ಲ. ಕಟ್ಟಡಕ್ಕೆ ಬಣ್ಣ ಬಳಿದರು, ಗೇಟು ಹಾಕಿದರು, ಕಟ್ಟಿದವರನ್ನೆಲ್ಲ ಹೊರಗೆ ಕಳಿಸಿದರು. ಆ ಮನೆ ಯಾರೋ ದೂರದವರಿಗೆ ಮಾರಾಟವಾಯಿತು. ಅವರು ಬೀಗ ಹಾಕಿಸಿದರು, ಅಷ್ಟೇ. ಹೊಸ್ತಿಲು ಬಿರುಕು ಬಿಟ್ಟಿದೆ ಎಂದು ಗೊತ್ತಾಗಲಿಕ್ಕಾದರೂ ಒಬ್ಬರು ಬರಬೇಕಿತ್ತಲ್ಲ, ಬರಲಿಲ್ಲ. ಗಣೇಶ ಚೌತಿಗೆ, ದೀಪಾವಳಿಗೆ, ಯುಗಾದಿಗೆ ಅತ್ತಿ ಬಸ್ಸು ಹತ್ತಿ ಪರ್ವರಿಗೆ ಹೋಗಿ ಗೇಟಿನ ವಾಚ್‌ಮನ್‌ನನ್ನು ಕೇಳುತ್ತಿದ್ದಳು, ಮೂರನೇ ಮಾಳಿಗೆಯವರು ಯಾರಾದರೂ ಬಂದಿದ್ದರೇ ಎಂದು. ಇಲ್ಲ ಎಂದರೆ ತಿರುಗಿ ಬರುತ್ತಿದ್ದಳು. ಎಷ್ಟು ವರ್ಷ... ನಾನು ಲೆಕ್ಕ ಇಟ್ಟಿಲ್ಲ.

ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಆ ಗುಡ್ಡದ ಮೇಲೆ ಸಂಜೆ ನಿಂತು ನೋಡಿರಿ, ಸಾಲು ಸಾಲು ಕಟ್ಟಡ, ಕಿಟಕಿಗಳೆಲ್ಲ ಕತ್ತಲೆ. ಯಾರೂ ಇಲ್ಲದ ಮನೆಗಳ ಮುಂದಿನ ಹುಲ್ಲಿಗೆ ದಿನಾ ಎರಡು ಸಲ ನೀರು ಬಿಡುತ್ತಾರೆ. ನಮ್ಮ ಒಂಬತ್ತು ಖೋಲಿಗೆ ಒಂದು ನಳ. ಅತ್ತಿಯ ಲೆಕ್ಕದಲ್ಲಿ ಅವೆಲ್ಲ ಸಾವಿನ ಮನೆಗಳು, ಒಲೆ ಹೊತ್ತಿಸುವವರಿಲ್ಲದೆ ಸೂತಕದಲ್ಲಿ ಕುಳಿತವು. ಅವಳ ಲೆಕ್ಕ ತಪ್ಪು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ನಾನು ಹನ್ನೆರಡನೇ ಇಯತ್ತೆ ಮುಗಿಸಿ, ಕೆಲವು ವರ್ಷ ಹೋಟೆಲಿನಲ್ಲಿ ಚಾದರ ಮಡಚಿ, ಕೊನೆಗೆ ಮುಚ್ಚಿದ ಮನೆಗಳನ್ನು ನೋಡಿಕೊಳ್ಳುವ ಒಂದು ಕಂಪನಿಗೆ ಸೇರಿದೆ. ತಿಂಗಳಿಗೊಮ್ಮೆ ಬೀಗ ತೆಗೆಯುವುದು, ಕಿಟಕಿ ತೆರೆದು ಗಾಳಿ ಆಡಿಸುವುದು, ನಳ ಬಿಟ್ಟು ನೋಡುವುದು, ಬೂಷ್ಟು ಒರೆಸುವುದು, ಮತ್ತೆ ಬೀಗ ಹಾಕುವುದು. ಎಲ್ಲರೂ ನನ್ನನ್ನು ಚಾವಿವಾಲಿ ಎನ್ನುತ್ತಾರೆ. ನನಗೆ ಕೊಟ್ಟ ಗೊಂಚಲಿನಲ್ಲಿ ಈ ಕಟ್ಟಡದ ಚಾವಿಗಳೂ ಇದ್ದವು. ಅಮ್ಮಿ ಖುಷಿಯಲ್ಲಿ ಅದನ್ನು ಅತ್ತಿಗೆ ಹೇಳಿಬಿಟ್ಟಳು.

ಅವತ್ತು ಸಂಜೆಯೇ ಅತ್ತಿ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು ಬಂದಳು. ಯಾರ ಹತ್ತಿರವೂ ಏನನ್ನೂ ಕೇಳದವಳು, ಆ ಹೊತ್ತು ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಡಬ್ಬಿಯ ಮುಚ್ಚಳ ತಿರುವುತ್ತ ಕುಳಿತಳು. "ಒಂದ್ ತಾಸು ಸಾಕವಾ. ಅರ್ಧಾ ಲೀಟರ್ ಹಾಲು, ಒಂದ್ ತಾಸು. ಆಮ್ಯಾಲ ನಾನ ತೊಳದು ಒರಿಸಿ ಬರ್ತೇನಿ. ಬಂದಿದ್ದು ಯಾರಿಗೂ ತಿಳಿಯೂದಿಲ್ಲ."

ನಾನು ಬೇಡ ಎಂದೆ. ಕ್ಯಾಮೆರಾ ಇದೆ ಎಂದೆ. ಮಾಲೀಕರ ಅಪ್ಪಣೆ ಇಲ್ಲದೆ ಯಾರನ್ನೂ ಒಳಗೆ ಬಿಡುವಂತಿಲ್ಲ ಎಂದೆ. ಸೇರಿ ಇಪ್ಪತ್ತು ದಿನ ಆಗಿಲ್ಲ ಎಂದೆ. ಅಷ್ಟೂ ಖರೇ ಮಾತುಗಳೇ. ಮಾಲೀಕರಿಗೆ ಬರೆದು ಕೇಳುತ್ತೇನೆ ಎಂದೆ, ಅದೊಂದು ಮಾತ್ರ ಸುಳ್ಳು. ಅತ್ತಿ ನನ್ನ ಮುಖವನ್ನೇ ನೋಡಿದಳು. ಆತು ಬಿಡು ಎಂದು ಎದ್ದು ಹೋದಳು. ಹೋಳಿಗೆ ಅಲ್ಲೇ ಬಿಟ್ಟಿದ್ದಳು. ನಾವು ತಿಂದೆವು ಕೂಡ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಕಟ್ಟಡದಲ್ಲೇ ಇದ್ದೆ. ಗೇಟಿನ ಕಡೆಯಿಂದ ಹೊಗೆ ಬಂತು. ಓಡಿ ಬಂದು ನೋಡಿದರೆ ಗೇಟಿನ ಎದುರು, ಸರಿಯಾಗಿ ನಡುಮಧ್ಯೆ, ಅತ್ತಿ ಮೂರು ಇಟ್ಟಂಗಿ ಹೂಡಿ ಒಲೆ ಹೊತ್ತಿಸಿದ್ದಾಳೆ. ಮೇಲೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ಹಾಲು. ಹೊಸ ಇಲಕಲ್ ಸೀರೆ ಉಟ್ಟಿದ್ದಳು, ತಲೆಯ ಮೇಲೆ ಸೆರಗು. ವಾಚ್‌ಮನ್ ಪಕ್ಕದಲ್ಲಿ ಬಕೆಟ್ ನೀರು ಹಿಡಿದು ನಿಂತಿದ್ದ. ನಮ್ಮ ಕಂಪನಿಯ ಮ್ಯಾನೇಜರು ಕಾರಿನಿಂದ ಇಳಿದು, ಆರಿಸು, ಆರಿಸು ಎಂದು ಅವನಿಗೆ ಹೇಳುತ್ತಿದ್ದರು. ವಾಚ್‌ಮನ್‌ಗೆ ಅವತ್ತು ಕಿವಿ ಕೇಳಿಸುತ್ತಿರಲಿಲ್ಲ.

ಅತ್ತಿ ಯಾರ ಕಡೆಗೂ ನೋಡದೆ, ತಲೆ ಎತ್ತಿ ಮೂರನೇ ಮಹಡಿಯ ಕಿಟಕಿ ನೋಡುತ್ತ, ನಳದ ಜಗಳದ ಅದೇ ದನಿಯಲ್ಲಿ ಹೇಳಿದಳು. "ಕಟ್ಟಿದಾಕಿ ಬಂದೇನಿ. ಬಾಗಲಾ ತಗೀರಿ ಅಂತ ಕಾಲು ಹಿಡಿಯಾಕ ಬಂದಿಲ್ಲ. ನನ್ನ ಮಗನ ಒಲಿ ಹೊತ್ತಸಾಕ ಬಂದೇನಿ. ಹಾಲು ಉಕ್ಕೂತನಾ ಏಳೂದಿಲ್ಲ, ಪೊಲೀಸ್ರನ್ನ ಕರಿತೀರೇನು, ಕರೀರಿ."

ಮ್ಯಾನೇಜರಿಗೆ ಕನ್ನಡ ಬಾರದು. ಅವರು ನನ್ನ ಕಡೆ ತಿರುಗಿದರು. "ಹೀ ಕೋಣ್ ಗೋ? ವಳಖತಾ?" ಇವಳು ಯಾರು, ನಿನಗೆ ಗೊತ್ತಾ ಎಂದು.

"ನಾ, ಸರ್." ಇಲ್ಲ, ಗೊತ್ತಿಲ್ಲ ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಮ್ಯಾನೇಜರು ನಂಬಲಿಲ್ಲ ಎಂದು ಕಾಣುತ್ತದೆ, ಅತ್ತಿಯನ್ನು ಹಿಂದಿಯಲ್ಲಿ ಕೇಳಿದರು, ಇಲ್ಲಿ ಯಾರ ಪರಿಚಯ ನಿನಗೆ, ಯಾರು ಕರೆಸಿದರು ಎಂದು. ಆಗ ಅತ್ತಿ ಮೊದಲ ಸಲ ನನ್ನನ್ನು ನೋಡಿದಳು. ಕೊರಳಲ್ಲಿ ತೂಗುತ್ತಿದ್ದ ಕಂಪನಿಯ ಕಾರ್ಡು, ಕೈಯಲ್ಲಿದ್ದ ಚಾವಿಯ ಗೊಂಚಲು, ಕಾಲಿನ ಬೂಟು, ಎಲ್ಲವನ್ನೂ ನೋಡಿದಳು. ತನ್ನ ಹರಕು ಹಿಂದಿಯಲ್ಲಿ ಹೇಳಿದಳು. "ಕಿಸೀಕೋ ನೈ ಜಾನ್ತೀ. ಏ ಲಡ್ಕೀಕೋ ಬೀ ನೈ. ಆಜ್ ದೇಖೀ." ಯಾರೂ ಗೊತ್ತಿಲ್ಲ, ಈ ಹುಡುಗಿಯೂ ಗೊತ್ತಿಲ್ಲ, ಇವತ್ತೇ ನೋಡಿದ್ದು.

ಹಾಲು ಉಕ್ಕಿತು. ಬೋಗುಣಿಯ ಸುತ್ತ ಇಳಿದು ಇಟ್ಟಂಗಿಯ ಮೇಲೆ ಚುರ್ ಎಂದಿತು. ಅತ್ತಿ ಕೈ ಮುಗಿದಳು. ಆಮೇಲೆ ಸಕ್ಕರೆ ಹಾಕಿ, ತಾನು ತಂದಿದ್ದ ಪ್ಲಾಸ್ಟಿಕ್ ಗ್ಲಾಸಿನಲ್ಲಿ ವಾಚ್‌ಮನ್‌ಗೆ, ಇಬ್ಬರು ಮಾಲಿಗಳಿಗೆ, ಕಸ ಒಯ್ಯುವ ಹೆಂಗಸಿಗೆ ಕೊಟ್ಟಳು. ಮ್ಯಾನೇಜರ ಮುಂದೆಯೂ ಒಂದು ಗ್ಲಾಸು ಹಿಡಿದಳು, ಅವರು ಮುಖ ತಿರುಗಿಸಿದರು. ನನಗೆ ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಕಣ್ಣೀರು ಎಲ್ಲರಿಗೂ ಕಾಣುತ್ತಿತ್ತು, ಅದು ಅವಳಿಗೆ ಗೊತ್ತಿತ್ತು. ಬೋಗುಣಿ ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟಾಪಿನ ಕಡೆ ನಡೆದಳು. ಕಪ್ಪಾದ ಮೂರು ಇಟ್ಟಂಗಿ ಗೇಟಿನ ಎದುರೇ ಉಳಿದವು.

ಸಂಜೆ ಅವಳ ಖೋಲಿಗೆ ಹೋದೆ. ಬಾಗಿಲಲ್ಲೇ ನಿಂತು ಅಳಲು ಶುರು ಮಾಡಿದೆ. ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏ ಹುಚ್ಚಿ, ಬಾ, ಕುಂದರು. ನಿನ್ನ ಕೆಲಸ ಹೋದ್ರ ನಿಮ್ಮವ್ವನ ಒಲಿ ಆರತೈತಿ. ನನ್ನ ಮಗನ ಒಲಿ ಹೊತ್ತಸಾಕ ನಿಮ್ಮ ಒಲಿ ಆರಸ್ಲೇನು?" ಎಂದಳು. ಬಿಸಿ ರೊಟ್ಟಿಯ ಮೇಲೆ ಕೆಂಪು ಚಟ್ನಿ ಹಾಕಿ ಕೈಯಲ್ಲಿ ಇಟ್ಟಳು. ನ್ಯಾಯವಾಗಿ ಅವಳು ನನ್ನ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಿದ್ದರೆ ನಾನು ಅವತ್ತೇ ಹಗುರಾಗುತ್ತಿದ್ದೆ.

ಹೋಗುವಾಗ ಕೇಳಿದೆ, ಈಗ ಮುಗಿಯಿತಾ ಅತ್ತಿ ಎಂದು. ಅವಳು ಸುಳ್ಳು ಹೇಳುವವಳಲ್ಲ. "ಎಲ್ಲಿ ಮುಗೀತು? ಅದು ಬಾಗಲದ ಹೊರಗಾತು, ಒಳಗ ಆಗಿಲ್ಲ" ಎಂದಳು. ಹಂಚು ಕೆಳಗಿಳಿಸಿ, "ಅವಸರ ಇಲ್ಲ. ಚಾವಿ ನಿನ್ನ ಕೈಯಾಗ ಐತಿ" ಎಂದಳು.

ಆಮೇಲೆ ಎರಡು ವರ್ಷ ಇದ್ದಳು. ಬೆನ್ನು ಬಾಗಿದ ಮೇಲೂ ಕೆಲಸ ಬಿಡಲಿಲ್ಲ. ಬುಟ್ಟಿ ಹೊರಲು ಆಗದಿದ್ದಾಗ ಗೋಡೆಗಳಿಗೆ ನೀರು ಹೊಡೆಯುವ ಕೆಲಸ ಹಿಡಿದಳು. ಆ ವಿಷಯ ಮತ್ತೆ ಎತ್ತಲೇ ಇಲ್ಲ. ನಾನು ಎತ್ತಲಿ ಎಂದು ಕಾದಿರಬೇಕು... ಗೊತ್ತಿಲ್ಲ. ಒಂದು ಜುಲೈ ತಿಂಗಳಲ್ಲಿ, ಮಳೆ ತಗಡಿನ ಮೇಲೆ ಮಾತು ಕೇಳದಷ್ಟು ಬೀಳುತ್ತಿದ್ದಾಗ, ಎರಡು ದಿನ ಎದೆನೋವು ಎಂದು ಮಲಗಿದವಳು ಏಳಲಿಲ್ಲ. ತಮ್ಮನ ಮಕ್ಕಳು ಬಂದು ಊರಿಗೆ ಒಯ್ದರು. ಮೂರನೇ ದಿನ ಅಮ್ಮಿ ಮತ್ತು ನಾನು ಅವಳ ಖೋಲಿಯ ಒಲೆ ಹೊತ್ತಿಸಿದೆವು. ಅವಳ ಬೋಗುಣಿ ಅಮ್ಮಿ ಇಟ್ಟುಕೊಂಡಳು.

ಅವಳು ಹೋದ ಮೇಲಾದರೂ ಮಾಡಬಹುದಿತ್ತು. ಮಾಡಲಿಲ್ಲ. ಮದುವೆಯಾಯಿತು, ಮಗಳಾದಳು, ನಾನು ಹಳೇ ನೌಕರಳಾದೆ, ಹೆದರಿಕೆ ಎಂದು ಹೇಳಲೂ ಬರುವಂತಿಲ್ಲ. ಪ್ರತಿ ತಿಂಗಳು ಆ ಬಾಗಿಲು ತೆರೆದು, ಹೊಸ್ತಿಲಿಗೆ ಎಡವಿ, ಹೆಬ್ಬೆರಳು ಹಿಡಿದುಕೊಂಡು ಒಂದು ಕ್ಷಣ ನಿಂತು, ಮುಂದಿನ ತಿಂಗಳು ಎಂದುಕೊಂಡು ಬೂಷ್ಟು ಒರೆಸಿ ಬರುತ್ತಿದ್ದೆ. ಹೀಗೇ ವರ್ಷಗಳು ಹೋದವು.

ಆ ಮಂಗಳವಾರ ಆ ಹಳೇ ಕಾಳನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು ಗೌಂಡಿಗೆ ಹೇಳಿದೆ, ಹೊಸ ಕಲ್ಲು ಇವತ್ತು ಬೇಡ, ನಾಳೆ ಬಾ ಎಂದು. ಬುಧವಾರ ಬೆಳಿಗ್ಗೆ ಅಮ್ಮಿ ಬೋಗುಣಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಟ್ಟಳು. ಅರ್ಧ ಲೀಟರ್ ಹಾಲು ತೆಗೆದುಕೊಂಡೆ. ಆ ಅಡಿಗೆಮನೆಯಲ್ಲಿ ವಿಲಾಯಿತಿ ಗ್ಯಾಸ್ ಒಲೆ ಇದೆ, ಗಾಜಿನದು, ಅಂಟಿಸಿದ ಕಾಗದ ಕೂಡ ಇನ್ನೂ ಕಿತ್ತಿಲ್ಲ, ಸಿಲಿಂಡರ್ ಎಂದೂ ಬಂದೇ ಇಲ್ಲ. ಗೌಂಡಿ ಮೂರು ಇಟ್ಟಂಗಿ ತಂದುಕೊಟ್ಟ. ಯಾಕೆ ಎಂದು ಕೇಳಲಿಲ್ಲ, ಕಿಟಕಿ ತೆರೆದ, ಕಟ್ಟಿಗೆಯ ಚೂರುಗಳನ್ನು ಆರಿಸಿ ತಂದ. ನುಣ್ಣನೆಯ ಬಿಳಿ ನೆಲದ ಮೇಲೆ ಒಲೆ ಹೂಡಿ, ಬಿಸ್ಮಿಲ್ಲಾ ಎಂದು ಕಡ್ಡಿ ಗೀರಿದೆ. ಅತ್ತಿಯ ದೇವರಿಗೆ ಅದರಿಂದ ಬೇಜಾರಾಗಲಿಕ್ಕಿಲ್ಲ, ಆ ದೇವರಿಗೆ ನಮ್ಮ ಮನೆಯ ಈದಿನ ಶೀರ್‌ಖುರ್ಮಾದ ರುಚಿ ಗೊತ್ತು.

ಹೊಗೆ ಕಿಟಕಿಯಿಂದ ಹೊರಗೆ ಹೋಯಿತು. ಹಾಲು ಮೆಲ್ಲಗೆ ಎದ್ದು ಬಂದು ನಾಲ್ಕೂ ಕಡೆ ಉಕ್ಕಿತು. ಹೊತ್ತಿದ ಹಾಲಿನ ವಾಸನೆ ಆ ಮನೆಯನ್ನೆಲ್ಲ ತುಂಬಿತು. ನಾನು ಕಿಟಕಿಯ ಕಡೆ ನೋಡಿ, ಹೋಗಪ್ಪಾ, ನಿಮ್ಮವ್ವ ಕಾಯುತ್ತಿದ್ದಾಳೆ ಎಂದೆ. ಜೋರಾಗಿಯೇ ಎಂದೆ. ಗೌಂಡಿಯೂ ನಾನೂ ಆ ಹಾಲು ಕುಡಿದೆವು.

ಹೊಗೆ ನೋಡಿ ಯಾರೋ ಫೋನ್ ಮಾಡಿರಬೇಕು, ಮ್ಯಾನೇಜರು ಮೇಲೆ ಬಂದರು. ಅದೇ ಮನುಷ್ಯ, ಈಗ ತಲೆ ನರೆತಿದೆ. ನೆಲ ನೋಡಿದರು, ಮಸಿ ನೋಡಿದರು. "ಹೆಂ ಕೋಣೆಂ ಕೆಲೆಂ?" ಇದನ್ನು ಮಾಡಿದವರು ಯಾರು ಎಂದರು.

ನಾನು ಎಂದೆ. ಹಿಂದೆ ಒಮ್ಮೆ ಗೇಟಿನಲ್ಲಿ ಒಬ್ಬ ಹೆಂಗಸು ಹೀಗೇ ಒಲೆ ಹೂಡಿದ್ದಳಲ್ಲ, ಗೊತ್ತಾ ಎಂದು ನೀವು ಕೇಳಿದ್ದಿರಿ, ನಾನು ಗೊತ್ತಿಲ್ಲ ಎಂದಿದ್ದೆ. ಅದು ಸುಳ್ಳು. ಅವಳು ನನ್ನ ಅತ್ತಿ. ಈ ಮನೆ ಕಟ್ಟಿದವಳು ಅವಳು, ಈ ಗೋಡೆಗೆ ಗಿಲಾವು ಮಾಡಿದವನು ಅವಳ ಮಗ, ಈ ಕಿಟಕಿಯಿಂದ ಹೊರಗೆ ಕಾಲಿಟ್ಟು ಸತ್ತ. ಇವತ್ತು ಅವನ ಮೂರನೇ ದಿನ. ಕೊಂಕಣಿಯಲ್ಲಿ ಇಷ್ಟು ಉದ್ದ ಮಾತು ನಾನು ಮೊದಲು ಎಂದೂ ಆಡಿರಲಿಲ್ಲ. ಮ್ಯಾನೇಜರು ಕಿಟಕಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದರು. ರಿಪೋರ್ಟ್ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ಅದರಲ್ಲಿ ಸಂಬಂಧ ಎಂಬ ಕಾಲಂ ಇದ್ದರೆ ಅಲ್ಲಿ ಸೋದರತ್ತೆ ಎಂದು ಬರೆಯಿರಿ ಎಂದೆ.

ಕೆಲಸದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಚಾವಿಗಳು ಇವತ್ತಿನವರೆಗೆ ನನ್ನ ಹತ್ತಿರವೇ ಇವೆ. ಅವತ್ತು ಬಸ್ಸಿನಲ್ಲಿ ಬರುವಾಗ ಅತ್ತಿಗೆ ಹೇಳಬೇಕು, ಒಳಗೆ ಆಯಿತು ಅತ್ತಿ ಎಂದು ಹೇಳಬೇಕು ಅನ್ನಿಸಿತು. ಚಿಂಬಲ್ ಬಂತು, ಇಳಿದೆ. ಅವಳ ಖೋಲಿಯಲ್ಲಿ ಈಗ ಬೇರೆಯವರಿದ್ದಾರೆ. ಆಗ ಅಳು ಬಂತು. ತಡ ಮಾಡಿದ್ದಕ್ಕೆ ಅತ್ತೆ, ಅವಳಿಲ್ಲದ್ದಕ್ಕೆ ಅತ್ತೆ. ದುಃಖಕ್ಕೆ ಮಣೆ ಹಾಕಬಾರದು ಎಂದು ಗೊತ್ತಿದ್ದೂ ಅವತ್ತೊಂದು ರಾತ್ರಿ ಹಾಕಿದೆ.

ಇನ್ನೊಂದು ಮಾತು ಉಳಿಯಿತು. ಬುಧವಾರ ಮಧ್ಯಾಹ್ನ ಗೌಂಡಿ ಹೊಸ ಕಲ್ಲು ಕೂಡಿಸುವಾಗ ನಾನು ತಡೆ ಎಂದೆ. ಮನೆಯಿಂದ ತಂದಿದ್ದ ಜೋಳ, ಒಂದು ಹಿಡಿ, ದೊಡ್ಡ ಹಿಡಿ, ಮಗಳ ಹಳೇ ಫ್ರಾಕಿನ ತುಂಡಿನಲ್ಲಿ ಕಟ್ಟಿದ್ದು. ಅವನು ಕೈಯಲ್ಲಿ ತೂಗಿ ನೋಡಿ, ಮೇಡಂ, ಇದು ನೀರು ಕುಡಿದು ಊದುತ್ತದೆ, ಕಲ್ಲು ಒಡೆಯುತ್ತದೆ ಎಂದ. ನನಗೆ ಗೊತ್ತು, ಇಡಪ್ಪಾ ಎಂದೆ.

ನಿನ್ನೆ ಹೋಗಿ ನೋಡಿ ಬಂದೆ. ನಡುವೆ ಕಲ್ಲು ಎದ್ದಿದೆ, ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಮನೆಯನ್ನು ಯಾರು ಬೇಕಾದರೂ ಕೊಳ್ಳಲಿ. ಒಳಗೆ ಹೋಗುವಾಗ ಒಮ್ಮೆ ಎಡವಿ ಹೋಗಲಿ.